ಗಡಿ ದಾಟಿದ ಹೆಣ್ಣು, ಕೈಯಲ್ಲಿರುವ ಕಾಗದ

ಸುಳ್ಯದಿಂದ ಮಡಿಕೇರಿ ಬಸ್ಸು ಹತ್ತಿದವರಿಗೆ ಗೊತ್ತು, ದಕ್ಷಿಣ ಕನ್ನಡದ ಈ ಪೇಟೆ ಬಿಟ್ಟು ಸ್ವಲ್ಪ ಹೊತ್ತಿಗೆ ಪೆರಾಜೆ ಬರುತ್ತದೆ, ಅದು ಕೊಡಗು. ಮುಂದೆ ಅರಂತೋಡು, ಕಲ್ಲುಗುಂಡಿ. ಮತ್ತೆ ದಕ್ಷಿಣ ಕನ್ನಡ. ಆಮೇಲೆ ಸಂಪಾಜೆ. ಅದರಲ್ಲೂ ಎರಡು: ಸುಳ್ಯ ತಾಲೂಕಿನದೊಂದು, ಮಡಿಕೇರಿ ತಾಲೂಕಿನದೊಂದು. ಅಡಿಕೆ ತೋಟ, ರಬ್ಬರ್ ತೋಟ, ಅರೆಭಾಷೆ, ಭೂತದ ಕಟ್ಟೆ ಎರಡೂ ಕಡೆ ಒಂದೇ. ಈಗಿನವರಿಗೆ ಈ ಗಡಿ ಎಂದರೆ ಪಹಣಿಯ ಮೇಲಿನ ಜಿಲ್ಲೆಯ ಹೆಸರು, ಅಷ್ಟೆ. 1956ರ ನವೆಂಬರ್ 1ರ ವರೆಗೆ ಹಾಗಿರಲಿಲ್ಲ. ಒಂದು ಕಡೆ ಮದರಾಸು, ಇನ್ನೊಂದು ಕಡೆ ಕೊಡಗು ಎಂಬ ಸ್ವಂತ ರಾಜ್ಯ. ಮದರಾಸು ಸರ್ಕಾರ 1949ರಲ್ಲೇ ಹಿಂದೂ ದ್ವಿಪತ್ನಿತ್ವ ತಡೆ ಮತ್ತು ವಿಚ್ಛೇದನ ಕಾಯ್ದೆ ತಂದಿತು. ಅಲ್ಲಿ ನೆಲೆಸಿದ ಹಿಂದೂ ಗಂಡಸು ಹೆಂಡತಿ ಇರುವಾಗ ಇನ್ನೊಬ್ಬಳನ್ನು ಕಟ್ಟಿಕೊಳ್ಳುವಂತಿರಲಿಲ್ಲ. ಹೆಂಡತಿ ಬಿಡುಗಡೆ ಕೇಳಿ ಕೋರ್ಟಿಗೆ ಹೋಗಬಹುದಿತ್ತು. ಕೊಡಗಿನ ಸಂಪಾಜೆಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲ. ದೇಶಕ್ಕೆಲ್ಲ ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಅಂದರೆ ಆ ಆರು ವರ್ಷ, ಒಂದೇ ಮನೆಯಿಂದ ಆಚೆಗೊಬ್ಬಳು ಈಚೆಗೊಬ್ಬಳು ಮದುವೆಯಾಗಿ ಹೋದ ಅಕ್ಕತಂಗಿಯರಿಗೆ ಹಕ್ಕು ಬೇರೆ ಬೇರೆ.

ಹೆಣ್ಣಿನ ಹಕ್ಕಿನ ವಿಚಾರದಲ್ಲಿ ಒಂದೊಂದು ದೇಶದ್ದು ಒಂದೊಂದು ಧೋರಣೆ, ವಲಸೆ ಹೋದವರು ಅದಕ್ಕೆ ಹೇಗೆ ಹೊಂದಿಕೊಳ್ಳುತ್ತಾರೆ ಎಂಬ ಚರ್ಚೆ ಎದ್ದಾಗ ನಾವು ಕೂಡಲೇ ಅಮೆರಿಕ, ಇಂಗ್ಲೆಂಡ್, ಸೌದಿ ಎನ್ನುತ್ತೇವೆ. ಚರ್ಚೆಯೂ ಎರಡು ಸವೆದ ಜಾಡಿನಲ್ಲೇ ಓಡುತ್ತದೆ. ಆಚೆಯವರು ಹೇಳುವುದು: ಇವರು ತಮ್ಮ ಹಳೆಯ ಕಟ್ಟುಪಾಡನ್ನು ಹೊತ್ತು ತಂದು ನಮ್ಮ ನೆಲದಲ್ಲಿ ನೆಡುತ್ತಾರೆ. ಈಚೆಯವರು ಹೇಳುವುದು: ಅಲ್ಲಿಗೆ ಹೋದರೆ ನಮ್ಮ ಹೆಣ್ಣುಮಕ್ಕಳು ಕೈತಪ್ಪಿ ಹೋಗುತ್ತಾರೆ. ಎರಡೂ ಮಾತಿನ ಹಿಂದಿರುವ ನಂಬಿಕೆ ಒಂದೇ. ಹೆಣ್ಣಿನ ಹಕ್ಕು ಎಂಬುದು ಸಂಸ್ಕೃತಿಯ ಗಂಟಿನಲ್ಲಿ ಕಟ್ಟಿಟ್ಟ ಸಾಮಾನು, ಆ ಗಂಟು ಗಡಿ ದಾಟುವಾಗ ಇಡಿಯಾಗಿ ದಾಟುತ್ತದೆ ಅಥವಾ ಇಡಿಯಾಗಿ ಕಳೆದುಹೋಗುತ್ತದೆ ಎಂಬ ನಂಬಿಕೆ. ನಮ್ಮ ಕಣಿವೆಯ ಇತಿಹಾಸವಾಗಲಿ ಹೊರದೇಶದ ಕನ್ನಡಿಗರ ಅನುಭವವಾಗಲಿ ಇದನ್ನು ಒಪ್ಪುವುದಿಲ್ಲ. ವಲಸೆ ಹೋದವರು ಉಡುಪು, ಊಟ, ಭಾಷೆ, ದೈವಗಳನ್ನು ಕೂಡ ಬೇಗ ಬದಲಿಸುತ್ತಾರೆ. ಮದುವೆ ಮತ್ತು ಆಸ್ತಿಯನ್ನು ಕೊನೆಯವರೆಗೂ ಹಿಡಿದಿಟ್ಟುಕೊಳ್ಳುತ್ತಾರೆ. ಆ ಹಿಡಿತ ಸಡಿಲವಾಗುವುದು ಹೊಸ ಊರಿನ ಗಾಳಿ ತಾಗಿದ್ದಕ್ಕಿಂತ ಹೆಚ್ಚಾಗಿ, ಮುಖ್ಯವಾದ ಕಾಗದ ಯಾರ ಹೆಸರಿನಲ್ಲಿದೆ ಎಂಬುದರಿಂದ. ಈ ಲೇಖನದ ವಾದ ಇಷ್ಟೇ.

ಮೊದಲು ಮನೆಯದನ್ನೇ ನೋಡೋಣ. ಸಂಪಾಜೆಯ ಹೆಚ್ಚಿನವರು ಒಂದಲ್ಲ ಒಂದು ಕಾಲದಲ್ಲಿ ಬೇರೆ ಕಡೆಯಿಂದ ಬಂದವರೇ. ಹತ್ತು ಕುಟುಂಬ, ಹದಿನೆಂಟು ಗೋತ್ರದ ಅರೆಭಾಷೆ ಗೌಡರು ಐಗೂರು ಸೀಮೆಯ ಕಡೆಯಿಂದ ಘಟ್ಟ ಇಳಿದು ತುಳುನಾಡಿಗೆ ಬಂದೆವೆಂದು ಹೇಳಿಕೊಳ್ಳುತ್ತಾರೆ. ಟಿಪ್ಪುವಿನ ಕಾಲದ ಯುದ್ಧ, ಸೆರೆಗಳಿಂದ ಬರಿದಾದ ಕೊಡಗಿಗೆ ಹಾಲೇರಿ ಅರಸರು ಇದೇ ಗೌಡರನ್ನು ಕರೆಸಿ ನೆಲೆಗೊಳಿಸಿದರು. ಎರಡು ಸಲ ವಲಸೆ. ತುಳುನಾಡಿನಲ್ಲಿ ಅವರು ಭೂತಾರಾಧನೆಗೆ ಸೇರಿಕೊಂಡರು, ತುಳು ಕಲಿತರು. ಕೊಡಗಿನಲ್ಲಿ ಗಂಡಸರು ಕುಪ್ಪಸ ದಟ್ಟಿ ಹಾಕಿದರು, ಹೆಂಗಸರು ಸೀರೆಯ ನೆರಿಗೆಯನ್ನು ಕೊಡವತಿಯರಂತೆ ಹಿಂದಕ್ಕೆ ತಿರುಗಿಸಿದರು. ಆದರೆ ಸುತ್ತಲಿನ ಬಂಟರು, ಬಿಲ್ಲವರು ಅಳಿಯಕಟ್ಟಿನಲ್ಲಿ ಹೆಣ್ಣಿನ ಮೂಲಕ ಆಸ್ತಿ ಎಣಿಸುವುದನ್ನು ತಲೆಮಾರುಗಳಿಂದ ನೋಡುತ್ತಿದ್ದರೂ ಗೌಡರು ಅಪ್ಪನ ಆಸ್ತಿ ಗಂಡುಮಕ್ಕಳಿಗೆ ಹೋಗುವ ಮಕ್ಕಳಕಟ್ಟು ಬಿಡಲಿಲ್ಲ. ನೆರೆಮನೆಯ ದೈವ ಒಳಗೆ ಬಂತು, ನೆರೆಮನೆಯ ಪಾಲುಪಟ್ಟಿ ಬರಲಿಲ್ಲ.

ಅಳಿಯಕಟ್ಟನ್ನು ಹೆಣ್ಣಿನ ಸ್ವರ್ಗವೆಂದು ಬಣ್ಣಿಸುವುದು ಈಚಿನ ಫ್ಯಾಷನ್. ಆಸ್ತಿ ಹರಿಯುತ್ತಿದ್ದದ್ದು ಹೆಣ್ಣಿನ ಮೂಲಕ, ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿ. ಆದರೂ ಹೆಂಗಸಿಗೆ ಬೇಡದ ಗಂಡನನ್ನು ಬಿಟ್ಟು ಬಂದು ನಿಲ್ಲಲು ತನ್ನದೇ ಮನೆಯ ಜಗಲಿ ಇತ್ತು, ಅದು ಸಣ್ಣ ಮಾತಲ್ಲ. 1949ರಲ್ಲೇ ಬಂದ ಮದರಾಸು ಅಳಿಯಸಂತಾನ ಕಾಯ್ದೆ ಕೂಡುಕುಟುಂಬದ ಆಸ್ತಿ ಪಾಲಾಗುವ ದಾರಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಆ ವ್ಯವಸ್ಥೆಯನ್ನು ಒಳಗಿನಿಂದ ಕರಗಿಸಿತು. ಪ್ರಗತಿಪರ ಎನಿಸಿಕೊಂಡ ಕಾನೂನೇ ಒಂದು ಕಡೆಯ ಹೆಂಗಸರ ಹಳೆಯ ಆಸರೆಯನ್ನು ಸಡಿಲಿಸಿದ್ದೂ ಉಂಟು.

ಸಂಪಾಜೆಯ ಪಕ್ಕ ಹರಿಯುವ ಪಯಸ್ವಿನಿ ಸುಳ್ಯ ದಾಟಿ ಕಾಸರಗೋಡಿನ ಸೀಮೆಯಲ್ಲಿ ಚಂದ್ರಗಿರಿ ಹೊಳೆಯನ್ನು ಕೂಡುತ್ತದೆ. ನಾಯರ್ ಹೆಂಗಸರು ಆ ಹೊಳೆ ದಾಟಿ ಉತ್ತರಕ್ಕೆ ಬರಕೂಡದೆಂಬ ಕಟ್ಟಳೆ ಹಿಂದೆ ಇತ್ತು. ಗಂಡಸು ದಾಟಬಹುದಿತ್ತು. ವಲಸೆಯ ಮೊದಲ ವೀಸಾ ನಿಯಮ ಎಂದರೆ ಇದೇ ಇರಬೇಕು. ಅದೇ ಹೊಳೆಯ ದಡವನ್ನು ಸಾರಾ ಅಬೂಬಕ್ಕರ್ ತಮ್ಮ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಗೆ ಆರಿಸಿಕೊಂಡರು. ತಲಾಖಿನ ಸುಳಿಗೆ ಸಿಕ್ಕ ಹೆಣ್ಣಿನ ಆ ಕತೆ 1981ರಲ್ಲಿ ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಾಗ, ವಿಚ್ಛೇದಿತ ಮುಸ್ಲಿಂ ಹೆಣ್ಣಿನ ಜೀವನಾಂಶದ ಹಕ್ಕನ್ನು ಒಪ್ಪಿದ ಶಾಬಾನು ತೀರ್ಪಿಗೆ ಇನ್ನೂ ನಾಲ್ಕು ವರ್ಷ ಬಾಕಿ.

ನಮ್ಮ ಕಡೆಗೆ ಬಂದ ಇನ್ನೊಂದು ವಲಸೆಯ ವಿಷಯದಲ್ಲಿ ನಾವು ಬರೆದದ್ದು ಕಡಿಮೆ. 1964ರ ಅಕ್ಟೋಬರ್ 30ರಂದು ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಸಹಿ ಹಾಕಿದ ಒಪ್ಪಂದದಂತೆ ಸಿಲೋನಿನ, ಅಂದರೆ ಈಗಿನ ಶ್ರೀಲಂಕಾದ, ಚಹಾ ತೋಟಗಳ ತಮಿಳರಲ್ಲಿ 5,25,000 ಮಂದಿಯನ್ನು ಭಾರತ, 3,00,000 ಮಂದಿಯನ್ನು ಸಿಲೋನ್ ತೆಗೆದುಕೊಳ್ಳುವುದೆಂದಾಯಿತು. ತಲೆ ಎಣಿಸಿ ಹಂಚಿಕೊಂಡದ್ದು. ಸಿಲೋನಿನ 1948ರ ಪೌರತ್ವ ಕಾಯ್ದೆಯಿಂದ ಯಾವ ದೇಶದವರೂ ಅಲ್ಲದೆ ಉಳಿದಿದ್ದ ಈ ಜನರಲ್ಲಿ ಒಂದು ಪಾಲನ್ನು ಸುಳ್ಯ, ಪುತ್ತೂರು ಕಡೆ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಗೊಳಿಸಿದರು. ಚಹಾ ಚಿಗುರು ಕೊಯ್ಯುತ್ತಿದ್ದ ಹೆಂಗಸರು ಬೆಳಗಿನ ಕತ್ತಲೆಗೇ ಎದ್ದು ರಬ್ಬರ್ ಟ್ಯಾಪಿಂಗ್ ಕಲಿತರು. ಶ್ರೀಲಂಕಾದ ತೋಟಗಳಲ್ಲಿ ಗಂಡಾಳು ಹೆಣ್ಣಾಳಿಗೆ ಸಮ ಕೂಲಿ ಬಂದದ್ದು 1984ರಲ್ಲಿ; ಇಲ್ಲಿ ಸಮಾನ ವೇತನ ಕಾಯ್ದೆ 1976ರಿಂದಲೇ ಇತ್ತು. ಕಾಗದದ ಮಟ್ಟಿಗೆ ಅವರು ಹೆಚ್ಚು ಹಕ್ಕಿನ ದೇಶಕ್ಕೆ ಬಂದಿದ್ದರು. ಆದರೆ ಪುನರ್ವಸತಿಯ ಸವಲತ್ತು ಸಿಕ್ಕುತ್ತಿದ್ದದ್ದು ಯಜಮಾನನ ಹೆಸರಿನ ಕುಟುಂಬ ಕಾರ್ಡಿಗೆ. ಒಂದೇ ಮನೆಯವರು ಎರಡು ದೇಶಗಳಿಗೆ ಹಂಚಿಹೋದ ಉದಾಹರಣೆಗಳೂ ಇದ್ದವು. ಅಲ್ಲಿ ತಾಯಿ, ಇಲ್ಲಿ ಮಗಳು. ಬಾಣಂತನಕ್ಕೆ ತವರೇ ಇಲ್ಲ. ಹೆಣ್ಣು ದುಡಿಯುವುದು ಈ ಸಮುದಾಯಕ್ಕೆ ಯಾರೂ ಹೊಸದಾಗಿ ಕಲಿಸಬೇಕಾದ ಪಾಠವಾಗಿರಲಿಲ್ಲ. ದುಡಿಮೆಯಿಂದಲೇ ಹಕ್ಕು ಬರುವುದಾದರೆ ಈ ಹೆಂಗಸರು ಇಷ್ಟು ಹೊತ್ತಿಗೆ ನಮಗೆಲ್ಲ ಮಾದರಿಯಾಗಿರಬೇಕಿತ್ತು.

ತಿರುವಾಂಕೂರಿನಿಂದ ರಬ್ಬರ್ ಹುಡುಕಿಕೊಂಡು ಬಂದ ಸಿರಿಯನ್ ಕ್ರೈಸ್ತರ ಕತೆ ಇದಕ್ಕೆ ತಿರುಗುಮುರುಗು. 1916ರ ತಿರುವಾಂಕೂರು ಕ್ರೈಸ್ತ ಉತ್ತರಾಧಿಕಾರ ಕಾಯ್ದೆಯಲ್ಲಿ ಮಗಳಿಗೆ ಮಗನ ಪಾಲಿನ ಕಾಲುಭಾಗ ಅಥವಾ 5,000 ರೂಪಾಯಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಮೇರಿ ರಾಯ್ ಸುಪ್ರೀಂ ಕೋರ್ಟಿಗೆ ಹೋಗಿ 1986ರಲ್ಲಿ ಅದನ್ನು ಬೀಳಿಸಿದರು. ಆದರೆ ದಕ್ಷಿಣ ಕನ್ನಡದ ಜಮೀನಿಗೆ ಆ ಕಾಯ್ದೆ ಎಂದೂ ಅನ್ವಯಿಸಿರಲಿಲ್ಲ. ಇಲ್ಲಿದ್ದದ್ದು ಮಗ ಮಗಳಿಗೆ ಸಮಪಾಲು ಹೇಳುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ಗಡಿ ದಾಟಿದ ಮಗಳಿಗೆ ಹಕ್ಕು ತಾನಾಗಿ ಹೆಚ್ಚಾಯಿತು. ರೂಢಿ ಮಾತ್ರ ಹಳೆಯದೇ: ಮದುವೆಯಲ್ಲಿ ಕೊಟ್ಟದ್ದೇ ಪಾಲು, ಉಳಿದದ್ದು ಗಂಡುಮಕ್ಕಳಿಗೆ. ಹಕ್ಕು ಇದೆಯೆಂದು ಹೇಳುವವರು ಯಾರೂ ಮನೆಯೊಳಗೆ ಇರಲಿಲ್ಲ.

ಇನ್ನೂ ಹಿಂದೆ, 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಷನ್ನಿನವರನ್ನು ನಾವು ವಲಸಿಗರೆಂದು ಕರೆಯುವುದಿಲ್ಲ. ಶಾಲೆ, ಅಚ್ಚುಕೂಟ, ಹಂಚಿನ ಕಾರ್ಖಾನೆ ತಂದವರು. ಇಲ್ಲಿನ ಹೆಣ್ಣುಮಕ್ಕಳ ಸ್ಥಿತಿ ಕಂಡು ಮರುಗಿ ವರದಿ ಬರೆದವರು. ಆದರೆ ಅವರ ಮದುವೆ ನಡೆಯುತ್ತಿದ್ದ ಬಗೆ ನೋಡಿ. ಮಿಷನರಿ ಮದುವೆಯಾಗಬೇಕಾದರೆ ಬಾಸೆಲಿನ ಸಮಿತಿ ಒಪ್ಪಬೇಕು. ಎಷ್ಟೋ ಸಲ ಹುಡುಗಿಯನ್ನು ಅಲ್ಲೇ ಗೊತ್ತುಮಾಡಿ ಹಡಗು ಹತ್ತಿಸುತ್ತಿದ್ದರು. ಕಡಲು ದಾಟಿ ಬಂದವಳು ಹಿಂದೆಂದೂ ಕಾಣದ ಗಂಡನ ಕೈ ಹಿಡಿಯುತ್ತಿದ್ದಳು. ಈ ‘ಮಿಷನ್ ವಧು’ಗಳ ಮೇಲೆ ಡಾಗ್ಮಾರ್ ಕೊನ್ರಾಡ್ ಜರ್ಮನ್ ಭಾಷೆಯಲ್ಲಿ ಒಂದು ಇಡೀ ಪುಸ್ತಕವನ್ನೇ ಬರೆದಿದ್ದಾರೆ. ಹಿರಿಯರು ಗೊತ್ತುಮಾಡುವ ಮದುವೆಯನ್ನು ಕುರಿತು ಇಂದಿನ ಯುರೋಪು ಆಡುವ ಮಾತಿನ ಪಕ್ಕದಲ್ಲಿ ಇದನ್ನು ಇಟ್ಟು ನೋಡಬೇಕು. ಇನ್ನೊಂದು ಲೆಕ್ಕವನ್ನೂ ಸೇರಿಸುತ್ತೇನೆ: ಸಂಪಾಜೆಯ ಹೆಂಗಸು 1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲೇ ಮತ ಹಾಕಬಹುದಿತ್ತು, ಆ ಬಾಸೆಲ್ ಇರುವ ಸ್ವಿಟ್ಜರ್‌ಲೆಂಡಿನ ಹೆಂಗಸಿಗೆ ರಾಷ್ಟ್ರಮಟ್ಟದ ಮತದ ಹಕ್ಕು ಸಿಕ್ಕಿದ್ದು 1971ರಲ್ಲಿ.

ಈಗ ಕಡಲಾಚೆಗೆ ಹೋಗೋಣ. ನಮ್ಮ ಕರಾವಳಿ, ಮಲೆನಾಡಿನ ಸೆರಗಿನಿಂದ ಹೆಚ್ಚು ಜನ ಹೋದದ್ದು ಗಲ್ಫಿಗೆ, ಹೋದವರಲ್ಲಿ ಹೆಚ್ಚಿನವರು ಗಂಡಸರು. ಇಲ್ಲಿ ಹೊಂದಿಕೊಳ್ಳುವ ಪ್ರಶ್ನೆ ಮೊದಲು ಎದ್ದದ್ದು ಹೋದವನಿಗಿಂತ ಉಳಿದವಳಿಗೆ. ಲೀಲಾ ಗುಲಾಟಿ 1993ರ ತಮ್ಮ ಪುಸ್ತಕದಲ್ಲಿ ಗಲ್ಫಿಗೆ ಹೋದ ಗಂಡಂದಿರ ಹಿಂದೆ ಕೇರಳದಲ್ಲಿ ಉಳಿದ ಹೆಂಗಸರ ಬದುಕನ್ನು ಕಟ್ಟಿಕೊಟ್ಟಿದ್ದಾರೆ. ಗಂಡ ಕಳಿಸಿದ ಹಣ ಮಾವನ ಹೆಸರಿಗೆ ಬರುತ್ತಿದ್ದ ಮನೆಗೂ ಹೆಂಡತಿಯ ಖಾತೆಗೆ ಬರುತ್ತಿದ್ದ ಮನೆಗೂ ಇರುವ ಅಂತರ ಗೊತ್ತಾಗಲು ನಮ್ಮ ಕಡೆ ಪುಸ್ತಕವೇ ಬೇಕಿಲ್ಲ. ಬ್ಯಾಂಕಿಗೆ ಹೋಗಿ ಚಲನ್ ತುಂಬಿದವಳು, ಮನೆ ಕಟ್ಟಿಸುವಾಗ ಮೇಸ್ತ್ರಿಯೊಂದಿಗೆ ವಾದಿಸಿದವಳು, ಗಂಡ ರಜೆಯಲ್ಲಿ ಬಂದಾಗ ಮತ್ತೆ ಮೊದಲಿನಂತೆ ತಲೆ ತಗ್ಗಿಸಿ ಕೂರುವುದಿಲ್ಲ. ಅವಳಲ್ಲಿ ಈ ಬದಲಾವಣೆ ತಂದದ್ದು ದುಬೈಯ ಸಂಸ್ಕೃತಿಯೂ ಅಲ್ಲ, ಮಹಿಳಾ ಚಳವಳಿಯೂ ಅಲ್ಲ. ಪಾಸ್‌ಬುಕ್ಕು.

ಸ್ವತಃ ಹೋದ ಹೆಂಗಸರ ಕತೆ ಇನ್ನೊಂದು ಬಗೆ. ಕಫಾಲಾ ವ್ಯವಸ್ಥೆಯಲ್ಲಿ ಕೆಲಸಗಾರ್ತಿಯ ಇರವೇ ಮಾಲೀಕನ ಪ್ರಾಯೋಜನೆಗೆ ಕಟ್ಟಿಕೊಂಡಿರುತ್ತದೆ. ಮನೆಗೆಲಸದವಳ ಪಾಸ್‌ಪೋರ್ಟನ್ನು ಮನೆಯವರೇ ಎತ್ತಿಟ್ಟುಕೊಳ್ಳುವ ದೂರು ಇಂದು ನಿನ್ನೆಯದಲ್ಲ. ಭಾರತ ಸರ್ಕಾರದ ಉತ್ತರವೇನು? ಹತ್ತನೇ ತರಗತಿ ಪಾಸಾಗದ ಹೆಂಗಸು ಪಟ್ಟಿಯಲ್ಲಿರುವ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 30 ವರ್ಷ ತುಂಬಿರಬೇಕು, ಸರ್ಕಾರ ಒಪ್ಪಿದ ಸಂಸ್ಥೆಗಳ ಮೂಲಕವೇ ಹೋಗಬೇಕು. ಉದ್ದೇಶ ರಕ್ಷಣೆ. ಫಲ, ಏಜೆಂಟರು ವಿಸಿಟ್ ವೀಸಾದಲ್ಲಿ ಕಳಿಸುವುದು. ಹಾಗೆ ಹೋದವಳ ಹೆಸರು ಯಾವ ಸರ್ಕಾರದ ಲೆಕ್ಕದಲ್ಲೂ ಇರುವುದಿಲ್ಲ. ಸೌದಿ ಅರೇಬಿಯಾ 2019ರಲ್ಲಿ 21 ದಾಟಿದ ಹೆಂಗಸಿಗೆ ಪೋಷಕನ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆಯಲು ಬಿಟ್ಟಿತು. ನಮ್ಮಲ್ಲಿ ಬಡ ಹೆಂಗಸಿನ ಪಾಲಿಗೆ ಸರ್ಕಾರವೇ ಪೋಷಕನಾಗಿ ನಿಂತಿದೆ.

ನರ್ಸುಗಳ ವಲಸೆ ಈ ಚಿತ್ರವನ್ನು ತಲೆಕೆಳಗು ಮಾಡುತ್ತದೆ. ಇಲ್ಲಿ ಮೊದಲು ಹೋಗುವವಳು ಹೆಣ್ಣು, ಅವಳ ವೀಸಾದ ಬಾಲ ಹಿಡಿದು ಹೋಗುವವನು ಗಂಡ. ಅಮೆರಿಕಕ್ಕೆ ಹೋದ ಕೇರಳದ ನರ್ಸುಗಳ ಬಗ್ಗೆ ಶೀಬಾ ಜಾರ್ಜ್ 2005ರಲ್ಲಿ ಬರೆದ ಅಧ್ಯಯನದಲ್ಲಿ ಒಂದು ಮಾರ್ಮಿಕ ಸಂಗತಿ ಇದೆ: ಹೊರಗೆ ಕೆಲಸದಲ್ಲೂ ಸಂಬಳದಲ್ಲೂ ಹೆಂಡತಿಗಿಂತ ಕೆಳಗಿಳಿದ ಗಂಡಂದಿರು ಕಳೆದುಕೊಂಡ ಸ್ಥಾನವನ್ನು ಚರ್ಚಿನ ಸಮಿತಿಗಳಲ್ಲಿ ಹುಡುಕಿಕೊಂಡರು. ಚರ್ಚಿನೊಳಗೆ ಹಳೆಯ ಕ್ರಮ ಇನ್ನಷ್ಟು ಬಿಗಿಯಾಯಿತು. ನಮ್ಮ ಕನ್ನಡ ಕೂಟಗಳು, ಜಾತಿ ಸಮಾಜಗಳ ಪದಾಧಿಕಾರಿಗಳ ಚುನಾವಣೆ ಇಷ್ಟೊಂದು ಬಿಸಿಯೇರುವುದು ಏಕೆ ಎಂಬುದಕ್ಕೆ ಇಲ್ಲೊಂದು ಸುಳಿವು ಸಿಕ್ಕೀತು. ಹಬ್ಬ, ಯಕ್ಷಗಾನ, ಭರತನಾಟ್ಯ ಎಲ್ಲ ಸರಿ. ಪರದೇಶದಲ್ಲಿ ‘ಸಂಸ್ಕೃತಿ’ಯನ್ನು ಹೊರುವ ಕೆಲಸ ಹೆಂಗಸಿನ ಸೀರೆಗೂ ಮಗಳ ನಡತೆಗೂ ಬೀಳುತ್ತದೆ, ಗಂಡಸಿನ ಪ್ಯಾಂಟಿಗೆ ಆ ಭಾರ ಇಲ್ಲ.

ಅಮೆರಿಕದ ಎಚ್-4 ವೀಸಾ ನನ್ನ ವಾದಕ್ಕೆ ಸಿಗುವ ಅತ್ಯಂತ ಸ್ಪಷ್ಟ ಸಾಕ್ಷಿ. ಎಚ್-1ಬಿ ವೀಸಾದಲ್ಲಿ ಹೋದ ಎಂಜಿನಿಯರನ ಹೆಂಡತಿಗೆ ಸಿಗುವುದು ಇದು. 2015ರ ಮೇ 26ರ ವರೆಗೆ ಇದರಲ್ಲಿ ಕೆಲಸ ಮಾಡುವಂತೆಯೇ ಇರಲಿಲ್ಲ. ಸೋಷಿಯಲ್ ಸೆಕ್ಯುರಿಟಿ ಸಂಖ್ಯೆಯೂ ಇಲ್ಲ. ಬೆಂಗಳೂರಿನಲ್ಲಿ ತಂಡವೊಂದನ್ನು ನಡೆಸುತ್ತಿದ್ದವಳು, ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವಳು, ವಿಮಾನ ಇಳಿದ ದಿನದಿಂದ ಗಂಡನ ಅವಲಂಬಿತೆ. ಇಬ್ಬರೂ ದುಡಿದು ಅಡುಗೆಮನೆಯನ್ನು ಹಂಚಿಕೊಂಡಿದ್ದ ಜೋಡಿ, ಹಕ್ಕುಗಳ ತವರೆಂದು ಹೆಸರಾದ ದೇಶಕ್ಕೆ ಹೋಗಿ ಅಜ್ಜ ಅಜ್ಜಿಯ ಕಾಲದ ಸಂಸಾರಕ್ಕೆ ಮರಳಿತು. 2015ರ ನಿಯಮ, ಗಂಡನ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಹೆಂಡತಿಗೂ ಕೆಲಸದ ಪರವಾನಗಿ ಎಂದಿತು. 2017ರ ಕೊನೆಯ ಹೊತ್ತಿಗೆ 90,000ಕ್ಕೂ ಹೆಚ್ಚು ಮಂದಿ ಅದನ್ನು ಪಡೆದರು. ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಮಂದಿ ಭಾರತದಲ್ಲಿ ಹುಟ್ಟಿದವರು, ಬಹುಪಾಲು ಹೆಂಗಸರು. ಅಲ್ಲೂ ಅವಳ ಹಕ್ಕು ನಿಂತಿರುವುದು ಅವನ ಅರ್ಜಿಯ ಮೇಲೆಯೇ. ಗಂಡ ಹೊಡೆದರೆ? ಹಿಂಸೆಗೆ ಸಿಕ್ಕ ಇಂಥ ಪತ್ನಿಯರಿಗೆ ಸ್ವತಂತ್ರವಾಗಿ ಕೆಲಸದ ಪರವಾನಗಿ ಕೊಡಬಹುದೆಂದು ಅಮೆರಿಕದ ಕಾನೂನು 2006ರ ಆರಂಭದಲ್ಲೇ ಹೇಳಿತು. ಅದಕ್ಕೆ ತುಂಬಬೇಕಾದ ಅರ್ಜಿ ನಮೂನೆ ಹೊರಬಂದದ್ದು 2017ರಲ್ಲಿ. ಹನ್ನೊಂದು ವರ್ಷ ಹಕ್ಕು ಇತ್ತು, ಫಾರಂ ಇರಲಿಲ್ಲ. ನಮ್ಮ ತಾಲೂಕು ಕಚೇರಿಯನ್ನು ಬೈಯುವವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು. ಆ ನಡುವಿನ ಕಾಲದಲ್ಲಿ ಇಂಥವರ ಕೈ ಹಿಡಿದದ್ದು ನ್ಯೂಜೆರ್ಸಿಯ ಮಾನವಿ, ಸ್ಯಾನ್‌ಫ್ರಾನ್ಸಿಸ್ಕೋ ಕಡೆಯ ಮೈತ್ರಿಯಂಥ ಸಂಘಟನೆಗಳು. 1985ರಲ್ಲಿ, 1991ರಲ್ಲಿ ಅವನ್ನು ಕಟ್ಟಿದವರು ದಕ್ಷಿಣ ಏಷ್ಯಾದ ಹೆಂಗಸರೇ.

ಹಾಗೆಂದು ಎಲ್ಲ ತಪ್ಪನ್ನೂ ವೀಸಾದ ಮೇಲೆ ಹೊರಿಸಿ ಕೈತೊಳೆಯಲಾಗದು. ಜೊತೆಗೆ ಹೊತ್ತು ಹೋದದ್ದೂ ಇದೆ. 2000ದ ಅಮೆರಿಕ ಜನಗಣತಿಯ ಅಂಕಿಗಳನ್ನು ಹಿಡಿದು ಡಗ್ಲಸ್ ಆಲ್ಮಂಡ್ ಮತ್ತು ಲೆನಾ ಎಡ್ಲುಂಡ್ 2008ರಲ್ಲಿ ಪ್ರಕಟಿಸಿದ ಲೆಕ್ಕ ಇದು: ಚೀನಾ, ಕೊರಿಯಾ, ಭಾರತ ಮೂಲದ ಮನೆಗಳಲ್ಲಿ ಮೊದಲೆರಡೂ ಹೆಣ್ಣಾಗಿದ್ದರೆ ಮೂರನೆಯ ಮಗುವಿನಲ್ಲಿ 100 ಹೆಣ್ಣಿಗೆ 151 ಗಂಡು. ಓದಿದವರು, ಸ್ಥಿತಿವಂತರು. ಮುಪ್ಪಿಗೆ ಮಗನೇ ಆಸರೆ ಎನ್ನುವ ಬಡತನದ ನೆಪವೂ ಅಲ್ಲಿಲ್ಲ. ಸ್ಕ್ಯಾನಿಂಗಿನಲ್ಲಿ ಲಿಂಗ ಹೇಳುವುದು ನಮ್ಮಲ್ಲಿ 1994ರ ಕಾಯ್ದೆಯಿಂದ ಅಪರಾಧ, ಅಲ್ಲಿ ಅದೊಂದು ಸಂಭ್ರಮ. ಹಕ್ಕಿನ ದೇಶದ ಸ್ವಾತಂತ್ರ್ಯ ಇಲ್ಲಿಂದ ಹೋದ ಆಸೆಗೆ ಉಪಕರಣವಾಯಿತು.

ಇದನ್ನೆಲ್ಲ ವಿವರಿಸಲು ಪಂಡಿತರು ಬಹಳ ಕಾದಾಡಿದ್ದಾರೆ. ಸೂಸನ್ ಓಕಿನ್ 1997ರಲ್ಲಿ, ಬಹುಸಂಸ್ಕೃತಿಯ ಹೆಸರಿನಲ್ಲಿ ಗುಂಪುಗಳಿಗೆ ಹಕ್ಕು ಕೊಟ್ಟರೆ ಆ ಗುಂಪಿನೊಳಗಿನ ಹೆಂಗಸರು ಬಲಿಯಾಗುತ್ತಾರೆ ಎಂದರು. ಅದೇ ವರ್ಷ ಉಮಾ ನಾರಾಯಣ್ ತಮ್ಮ ಪುಸ್ತಕದಲ್ಲಿ ಎತ್ತಿದ ಪ್ರಶ್ನೆ ನನಗೆ ಹೆಚ್ಚು ಹಿಡಿಸುತ್ತದೆ: ಭಾರತದ ವರದಕ್ಷಿಣೆ ಸಾವು ‘ಸಂಸ್ಕೃತಿ’ಯ ಸಾವಾಗುವುದಾದರೆ, ಅಮೆರಿಕದಲ್ಲಿ ಗಂಡನ ಬಂದೂಕಿಗೆ ಸಿಗುವ ಹೆಂಡತಿಯ ಸಾವು ಏಕೆ ಅಮೆರಿಕದ ಸಂಸ್ಕೃತಿಯ ಲೆಕ್ಕಕ್ಕೆ ಬರುವುದಿಲ್ಲ? ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗ್ಲ್‌ಹಾರ್ಟ್ 2012ರಲ್ಲಿ ಸಮೀಕ್ಷೆಗಳ ಅಂಕಿ ಹಿಡಿದು, ಪಶ್ಚಿಮಕ್ಕೆ ಹೋದ ಮುಸ್ಲಿಮರ ಧೋರಣೆ ಬಿಟ್ಟ ದೇಶಕ್ಕೂ ಸೇರಿದ ದೇಶಕ್ಕೂ ನಡುವೆ ಎಲ್ಲೋ ನಿಲ್ಲುತ್ತದೆ ಎಂದರು. ನಡುವೆ ನಿಲ್ಲುವುದು ಸಹಜವೇ. ಆದರೆ ಸಮೀಕ್ಷೆಯವರು ಬಾಗಿಲು ಬಡಿದು ಕೇಳಿದಾಗ ಹೇಳುವ ಅಭಿಪ್ರಾಯ ಒಂದು, ಮಗಳಿಗೆ ಗಂಡು ನೋಡುವಾಗಿನ ನಡೆ ಇನ್ನೊಂದು. ಈ ಅಂತರವನ್ನು ಅಂಕಿಗಿಂತ ಕಾದಂಬರಿ ಚೆನ್ನಾಗಿ ಹಿಡಿಯುತ್ತದೆ. ಮಿನ್ನೆಸೊಟಾದಲ್ಲಿ ವೈದ್ಯರಾಗಿರುವ ಗುರುಪ್ರಸಾದ್ ಕಾಗಿನೆಲೆ ‘ಹಿಜಾಬ್’ ಕಾದಂಬರಿಯಲ್ಲಿ ನಿರಾಶ್ರಿತರಾಗಿ ಬಂದ ಆಫ್ರಿಕಾದ ಹೆಂಗಸರು ಸಿಸೇರಿಯನ್ ಒಲ್ಲೆ ಎನ್ನುವುದನ್ನೂ, ಅವರ ಮುಂದೆ ನಿಂತ ವೈದ್ಯರು ಸ್ವತಃ ಗ್ರೀನ್ ಕಾರ್ಡಿಗೆ ಕಾಯುತ್ತಿರುವ ಭಾರತೀಯರಾಗಿರುವುದನ್ನೂ ಒಟ್ಟಿಗೆ ತಂದಿದ್ದಾರೆ. ವಲಸಿಗ ಇನ್ನೊಬ್ಬ ವಲಸೆಗಾರ್ತಿಯನ್ನು ‘ಹಿಂದುಳಿದವಳು’ ಎಂದು ನೋಡುವ ಆ ನೋಟ ನಮಗೆ ಪರಿಚಿತ. ಕೊಡಗಿನ ಕಾಫಿ ತೋಟದ ಲೈನ್ ಮನೆಗೆ ಅಸ್ಸಾಮಿನಿಂದ ಬಂದ ಹೆಂಗಸನ್ನು ನಾವು ನೋಡುವುದೂ ಹೀಗೆಯೇ.

ಆದರೂ ಈ ಚರ್ಚೆಯ ನಡುವೆ ನನ್ನನ್ನು ಮತ್ತೆ ಮತ್ತೆ ನಿಲ್ಲಿಸುವುದು ಬೆಳಗಾವಿಯ ಸವಿತಾ ಹಾಲಪ್ಪನವರ್ ಪ್ರಕರಣ. ದಂತವೈದ್ಯೆ, 31 ವರ್ಷ, ಐರ್‌ಲೆಂಡಿನ ಗಾಲ್ವೇಯಲ್ಲಿ ವಾಸ. ಅಲ್ಲಿನ ಭಾರತೀಯರ ದೀಪಾವಳಿಯ ಓಡಾಟದಲ್ಲಿ ಮುಂದೆ ಇದ್ದವರು. 2012ರ ಅಕ್ಟೋಬರ್ 21ರಂದು, 17 ವಾರದ ಗರ್ಭಿಣಿ, ಆಸ್ಪತ್ರೆಗೆ ಹೋದರು. ಗರ್ಭ ನಿಲ್ಲುವುದಿಲ್ಲವೆಂದು ಖಚಿತವಾಯಿತು. ತೆಗೆದುಬಿಡಿ ಎಂದು ಕೇಳಿಕೊಂಡರು. ಭ್ರೂಣದ ಎದೆಬಡಿತ ಇರುವವರೆಗೆ ಆಗದು ಎಂಬುದು ಉತ್ತರ. ‘ಇದು ಕ್ಯಾಥೊಲಿಕ್ ದೇಶ’ ಎಂಬ ಮಾತು ತನ್ನ ಬಾಯಿಂದ ಬಂದದ್ದನ್ನು ಅಲ್ಲಿನ ಸೂಲಗಿತ್ತಿ ನರ್ಸ್ ಆಮೇಲೆ ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡರು. ಸೋಂಕು ರಕ್ತಕ್ಕೇರಿ ಅಕ್ಟೋಬರ್ 28ರಂದು ಸವಿತಾ ತೀರಿಕೊಂಡರು.

ಭಾರತದಲ್ಲಿ 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯಡಿ ಅವರು ಕೇಳಿದ್ದು ಕಾನೂನುಬದ್ಧ. ಬೆಳಗಾವಿಯ ಆಸ್ಪತ್ರೆಯಲ್ಲಿ ಇದು ತಕರಾರೇ ಆಗುತ್ತಿರಲಿಲ್ಲ. ಯುರೋಪಿನ ಶ್ರೀಮಂತ ದೇಶವೊಂದಕ್ಕೆ ವಲಸೆ ಹೋದ ಕನ್ನಡದ ಹೆಣ್ಣು ತನ್ನ ದೇಶದಲ್ಲಿ ನಾಲ್ಕು ದಶಕಗಳಿಂದ ಇದ್ದ ಹಕ್ಕನ್ನು ಅಲ್ಲಿ ಕಳೆದುಕೊಂಡಿದ್ದಳು. ಹೊಂದಿಕೊಳ್ಳುವುದು ಎಂದರೆ ಇಲ್ಲಿ ಏನು? ಆತಿಥೇಯ ದೇಶದ ಮೌಲ್ಯವನ್ನು ಗೌರವಿಸಿ ಸುಮ್ಮನಿರುವುದೇ? ಸುಮ್ಮನಿರಲಿಲ್ಲ ಎಂಬುದೇ ಈ ಪ್ರಕರಣದ ಹೆಚ್ಚುಗಾರಿಕೆ. ಗಂಡ ಪತ್ರಿಕೆಗಳ ಮುಂದೆ ಹೋದರು, ಡಬ್ಲಿನ್ ಬೀದಿಗೆ ಸಾವಿರಾರು ಐರಿಷ್ ಹೆಂಗಸರು ಸವಿತಾರ ಚಿತ್ರ ಹಿಡಿದು ಇಳಿದರು. 2013ರಲ್ಲಿ ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭ ತೆಗೆಯಬಹುದೆಂಬ ಕಾಯ್ದೆ ಬಂತು. 2018ರ ಮೇ 25ರ ಜನಮತಗಣನೆಗೆ ಮುಂಚೆ ಸವಿತಾರ ತಂದೆ ಬೆಳಗಾವಿಯಿಂದಲೇ ಐರ್‌ಲೆಂಡಿನ ಮತದಾರರಿಗೆ ಮನವಿ ಮಾಡಿದರು, ಶೇಕಡಾ 66.4 ಜನ ಗರ್ಭಪಾತಕ್ಕೆ ಅಡ್ಡವಾಗಿದ್ದ ಸಂವಿಧಾನದ ಎಂಟನೇ ತಿದ್ದುಪಡಿಯನ್ನು ತೆಗೆದುಹಾಕಲು ಮತ ಕೊಟ್ಟರು. ವಲಸಿಗರು ಆತಿಥೇಯರಿಂದ ಕಲಿಯಬೇಕು ಎಂಬ ಪಾಠ ಬರೆಯುವವರು ಈ ಅಧ್ಯಾಯವನ್ನು ಎಲ್ಲಿ ಸೇರಿಸುತ್ತಾರೋ ನೋಡಬೇಕು. ಇಂಗ್ಲೆಂಡಿನವರು 1979ರ ಜನವರಿಯಲ್ಲಿ ಹೀಥ್ರೂ ವಿಮಾನನಿಲ್ದಾಣದಲ್ಲಿ, ಮದುವೆಯಾಗಲು ಬಂದ 35 ವರ್ಷದ ಭಾರತೀಯ ಶಿಕ್ಷಕಿಯೊಬ್ಬರನ್ನು ಕನ್ಯತ್ವ ಪರೀಕ್ಷೆಗೆ ಒಳಪಡಿಸಿದ ಸಂಗತಿಯನ್ನೂ ಅದೇ ಪುಟದಲ್ಲಿ ಸೇರಿಸಬಹುದು. ಅವಳ ಕಾಗದಗಳು ಸರಿಯಾಗಿದ್ದವು. ಅಧಿಕಾರಿಗಳು ಮಾತ್ರ ದೇಹದಲ್ಲಿ ಸಾಕ್ಷಿ ಹುಡುಕಿದರು.

ನಮ್ಮ ಸರ್ಕಾರಗಳ ಕಡೆ ನೋಡಿದರೆ ಕೆಲಸ ಅರ್ಧಕ್ಕೆ ನಿಂತಿದೆ. ಗಂಡ ವಿದೇಶದ ಕೋರ್ಟಿನಲ್ಲಿ ಏಕಪಕ್ಷೀಯವಾಗಿ ಪಡೆದ ವಿಚ್ಛೇದನ ಇಲ್ಲಿನ ಹೆಂಡತಿಯನ್ನು ಸುಮ್ಮನೆ ಕಟ್ಟಿಹಾಕದು ಎಂದು ಸುಪ್ರೀಂ ಕೋರ್ಟ್ ವೈ. ನರಸಿಂಹರಾವ್ ಪ್ರಕರಣದಲ್ಲಿ 1991ರಲ್ಲೇ ಹೇಳಿತು. ರಾಷ್ಟ್ರೀಯ ಮಹಿಳಾ ಆಯೋಗದಲ್ಲಿ ಅನಿವಾಸಿ ಭಾರತೀಯರ ಮದುವೆಯ ದೂರುಗಳಿಗೆ 2009ರಿಂದ ಪ್ರತ್ಯೇಕ ಘಟಕ ಇದೆ. ಇಂಥ ಮದುವೆಗಳ ನೋಂದಣಿ ಕಡ್ಡಾಯ ಮಾಡುವ ಮಸೂದೆ 2019ರ ಫೆಬ್ರವರಿಯಲ್ಲಿ ರಾಜ್ಯಸಭೆಗೆ ಬಂತು, ಕಾಯ್ದೆಯಾಗಲಿಲ್ಲ. ಕಾನೂನು ಆಯೋಗ 2024ರಲ್ಲಿ ಮತ್ತೆ ಅದನ್ನೇ ವಿಸ್ತರಿಸಿ ಶಿಫಾರಸು ಮಾಡಿತು. ಮಗುವನ್ನು ಎತ್ತಿಕೊಂಡು ತವರಿಗೆ ಓಡಿಬಂದ ತಾಯಿಯ ಪ್ರಶ್ನೆ ಇವೆಲ್ಲಕ್ಕಿಂತ ಗಡುಸು. ಒಂದು ದೇಶದಿಂದ ಮಗುವನ್ನು ಒಯ್ದರೆ ಅಲ್ಲಿಗೇ ಮರಳಿಸಬೇಕೆನ್ನುವ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. ಸೇರಿದರೆ ಹೊಡೆತ ತಿಂದು ಬಂದವಳನ್ನು ಮತ್ತೆ ಅದೇ ಊರಿಗೆ ಅಟ್ಟಿದಂತೆ. ಸೇರದಿದ್ದರೆ ಅಲ್ಲಿನ ಕೋರ್ಟು ಅವಳನ್ನು ಅಪಹರಣಕಾರಳೆಂದು ಕರೆಯುತ್ತದೆ. ಹಿಂಸೆಯಿಂದ ಪಾರಾಗಿ ಬಂದವಳಿಗೆ ಸ್ಪಷ್ಟ ವಿನಾಯಿತಿ ಬರೆದುಕೊಳ್ಳದೆ ಸಹಿ ಹಾಕಬಾರದು ಎನ್ನುವವರ ಪಕ್ಷ ನನ್ನದು. ಹೆಣ್ಣಿನ ಕಡೆಯವರು ಮದುವೆ ಮಾತಿಗೆ ಕೂತಾಗ ವರನ ಸಂಬಳ ಡಾಲರಿನಲ್ಲಿ ಕೇಳುತ್ತಾರೆ, ಜಾತಕ ಕೇಳುತ್ತಾರೆ. ಮಗಳಿಗೆ ಯಾವ ನಮೂನೆಯ ವೀಸಾ ಆಗುತ್ತದೆ, ಅದರಲ್ಲಿ ಅವಳು ದುಡಿಯಬಹುದೇ ಎಂದು ಕೇಳುವವರು ಕಡಿಮೆ.

ಕೊನೆಗೆ ಮತ್ತೆ ಆಸ್ತಿಯ ಮಾತು, ಏಕೆಂದರೆ ವಲಸೆ ಹೋದವರ ಧೋರಣೆ ತವರಿಗೆ ಹಿಂತಿರುಗಿ ಬಂದಾಗ ಮೊದಲು ಕಾಣಿಸುವುದು ಅಲ್ಲೇ. ಕರ್ನಾಟಕದಲ್ಲಿ 1994ರಿಂದ, ದೇಶಕ್ಕೆಲ್ಲ 2005ರಿಂದ ಮಗಳೂ ಹುಟ್ಟಿನಿಂದಲೇ ಪಿತ್ರಾರ್ಜಿತದಲ್ಲಿ ಪಾಲುದಾರಳು. ಅಪ್ಪ 2005ರಲ್ಲಿ ಬದುಕಿರಬೇಕೇ ಬೇಡವೇ ಎಂಬ ತಕರಾರನ್ನು ವಿನೀತಾ ಶರ್ಮಾ ಪ್ರಕರಣದ ತೀರ್ಪು 2020ರ ಆಗಸ್ಟಿನಲ್ಲಿ ಮುಗಿಸಿತು. ಸಂಪಾಜೆ ಸೀಮೆಯ ಅಡಿಕೆ ತೋಟಗಳ ಪಾಲುಪಟ್ಟಿಗೆ ಈಗ ಹೆಣ್ಣುಮಕ್ಕಳ ಸಹಿ ಬೇಕೇಬೇಕು. ಹಾಗಾಗಿ ಕ್ಯಾಲಿಫೋರ್ನಿಯಾದಲ್ಲೋ ಮೆಲ್ಬರ್ನಿನಲ್ಲೋ ಇರುವ ಮಗಳು, ಆಫೀಸಿನಲ್ಲಿ ಗಂಡಸಿನಷ್ಟೇ ಸಂಬಳಕ್ಕೆ ಪಟ್ಟು ಹಿಡಿಯುವವಳು, ಒಂದು ದಿನ ರಜೆ ಹಾಕಿ ಕಾನ್ಸುಲೇಟಿಗೆ ಹೋಗಿ ಹಕ್ಕು ಬಿಡುಗಡೆಗೆ ಮುಖ್ತಾರುನಾಮೆ ಮಾಡಿಸಿ ಅಣ್ಣನಿಗೆ ಕಳಿಸುತ್ತಾಳೆ. ಅವಳನ್ನು ಯಾರೂ ಬಲವಂತ ಮಾಡಿರುವುದಿಲ್ಲ. ತವರು ಬೇಕಲ್ಲ ಎನ್ನುತ್ತಾಳೆ. ಎರಡು ದೇಶಗಳ ನಡುವೆ ತೂಗುವವಳಿಗೆ ಬಂದು ಇಳಿಯಲು ಒಂದು ಮನೆ ಬೇಕು, ಆ ಮನೆಯ ಬೆಲೆಯಾಗಿ ಅವಳು ತೋಟ ಬಿಡುತ್ತಾಳೆ. ಅವಳ ಲೆಕ್ಕವನ್ನು ದಡ್ಡತನವೆಂದು ನಾನು ಕರೆಯಲಾರೆ. ವಿಭಾಗ ಪತ್ರದಲ್ಲಿ ಮಗಳಿಗೂ ಹಿಸ್ಸೆ ತೋರಿಸಿದ ಮನೆಗಳು ಈಚೆಗೆ ಅಲ್ಲೊಂದು ಇಲ್ಲೊಂದು ಕಾಣುತ್ತಿವೆ. ನಾನು ಕಂಡಂತೆ ಅವುಗಳಲ್ಲಿ ಹೆಚ್ಚಿನವು ಗಂಡುಮಕ್ಕಳು ಬೆಂಗಳೂರಿಗೋ ಹೊರದೇಶಕ್ಕೋ ಹೋಗಿ, ಔಷಧಿ ಹೊಡೆಸಲು, ಕೊಯ್ಲಿನ ಲೆಕ್ಕ ನೋಡಲು ಮಗಳೇ ಊರಿನಲ್ಲಿ ಉಳಿದ ಮನೆಗಳು.